ಪೆಟ್ಟಿಗೆಗೂ ಒಂದು ಹೆಸರು ಇರಲಿ, ಆಯುಕ್ತರೇ

ಕಲಬುರಗಿ ಮಹಾನಗರ ಪಾಲಿಕೆಯ ಆಯುಕ್ತರಿಗೆ, 55 ವಾರ್ಡುಗಳ ಸದಸ್ಯರಿಗೆ, ಮತ್ತು ಊರಲ್ಲಿ ಬಟ್ಟೆ ದಾನದ ಪೆಟ್ಟಿಗೆ ಇಟ್ಟಿರುವ ಪುಣ್ಯಾತ್ಮರಿಗೆ,

ನಮಸ್ಕಾರ.

ಬ್ರಹ್ಮಪುರದ ಕಡೆ ನನ್ನದೊಂದು ಸಣ್ಣ ಅಂಗಡಿ ಇದೆ. ಸೀರೆಗೆ ಫಾಲ್, ಪಿಕೋ, ಬ್ಲೌಸು, ಲಂಗ, ಮಕ್ಕಳ ಯೂನಿಫಾರ್ಮ್ ಉದ್ದ ಮಾಡುವುದು, ಗಿಡ್ಡ ಮಾಡುವುದು. 19 ವರ್ಷದಿಂದ ಇದೇ ಕೆಲಸ. ಬಟ್ಟೆ ಬಿಟ್ಟು ಬೇರೆ ವಿಷಯದಲ್ಲಿ ನಾನು ಜಾಸ್ತಿ ಮಾತಾಡುವವಳಲ್ಲ, ಇವತ್ತು ಬರೆಯುತ್ತಿರುವುದೂ ಬಟ್ಟೆಯ ಬಗ್ಗೆಯೇ.

ಹೋದ ತಿಂಗಳು ದಾರ, ಗುಂಡಿ ತರಲು ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆ. ಫುಟ್‌ಪಾತ್ ಮೇಲೆ ತಾಡಪತ್ರಿ ಹಾಸಿ ಒಬ್ಬರು ಹಳೆ ಸೀರೆ ರಾಶಿ ಹಾಕಿಕೊಂಡು ಕೂತಿದ್ದರು. ಯಾವುದೇ ತಗೊಂಡರೂ 60 ರೂಪಾಯಿ. ನನಗೆ ಹಳೆ ಸೀರೆ ಕಂಡರೆ ಕೈ ಸುಮ್ನೆ ಇರುವುದಿಲ್ಲ, ಕೂತು ಕೆದಕಿದೆ. ಒಂದು ಹಸಿರು ಸೀರೆ, ಕುಂಕುಮ ಬಣ್ಣದ ಅಂಚು. ಒಳಮಗ್ಗಲು ತಿರುಗಿಸಿ ನೋಡಿದರೆ ಫಾಲ್ ಹೊಲಿಗೆ ನನ್ನದೇ. ಹೇಗೆ ಗೊತ್ತಾಯಿತು ಅನ್ನುತ್ತೀರಾ? ಈ ಸೀರೆ ಹೊಲಿಯುವಾಗ ಕುಂಕುಮ ಬಣ್ಣದ ದಾರ ನಡುವೆ ಮುಗಿದುಹೋಗಿತ್ತು. ಒಳಗಡೆ ತಾನೆ, ಯಾರು ನೋಡುತ್ತಾರೆ ಅಂತ ಕೊನೆಯ ಒಂದು ಗೇಣು ಮರೂನ್ ದಾರದಲ್ಲಿ ಹೊಲಿದು ಕೊಟ್ಟಿದ್ದೆ. ಆ ಒಂದು ಗೇಣು ಹಾಗೇ ಇತ್ತು.

ಆ ಸೀರೆ ನಮ್ಮ ಓಣಿಯ ಒಬ್ಬ ಹೆಣ್ಣುಮಗಳದ್ದು. ಅವಳು ಅದನ್ನು ಇಸ್ತ್ರಿ ಮಾಡಿ, ಮಡಚಿ, ಕವರಿನಲ್ಲಿ ಹಾಕಿ, ನನ್ನ ಅಂಗಡಿ ಎದುರಿನ ದಾನದ ಪೆಟ್ಟಿಗೆಗೆ ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಸಂಜೆ ಅವಳಿಗೆ ಹೇಳಿದೆ. ಪಾಪ, ಮೊದಲು ನಂಬಲೇ ಇಲ್ಲ. "ಬಡವರಿಗಿ ಹೋಗ್ತದ ಅಂತ ಬರ್ದಿತ್ತಲ್ರಿ ಅಕ್ಕಾ" ಅಂದಳು. ಹೌದು, ಹಾಗೇ ಬರೆದಿತ್ತು. ಈಗಲೂ ಬರೆದಿದೆ.

ಮಾರುವವನ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿದ್ದಕ್ಕೆ ಅವನು ನೇರವಾಗಿಯೇ ಹೇಳಿದ. "ಗಂಟಿನ ಲೆಕ್ಕದಾಗ ತಂದೀನ್ರಿ, ಎಲ್ಲಿಂದ ಬಂದಾವ ನನಗೇನ್ ಗೊತ್ತ." ಬಿಸಿಲಲ್ಲಿ ಕೂತು ದಿನಕ್ಕೆ ನಾಲ್ಕು ಸೀರೆ ಮಾರುವವನು ಅವನು. 60 ರೂಪಾಯಿಗೆ ಒಂದು ಸೀರೆ ಕೊಂಡು ಉಟ್ಟುಕೊಳ್ಳುವವರಿಗೂ ಅದರಿಂದ ಉಪಕಾರವೇ. ನನ್ನ ಪ್ರಶ್ನೆ ಇವರಿಬ್ಬರಿಗಿಂತ ಮುಂಚೆ ಬರುವ ಮನುಷ್ಯನ ಬಗ್ಗೆ. ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಂಡಿರುವವನು ಯಾರು? ಇದು ನನಗೂ ಗೊತ್ತಿಲ್ಲ, ಸೀರೆ ಕೊಟ್ಟವಳಿಗೂ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ.

ಈ ಪೆಟ್ಟಿಗೆ ಬಂದದ್ದು ಹೇಗೆ ಅಂದರೆ, ಒಂದು ಬೆಳಿಗ್ಗೆ ಶಟರ್ ಎತ್ತಿದೆ, ಎದುರಿಗೆ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತಿತ್ತು. ಆಳೆತ್ತರದ ತಗಡಿನ ಪೆಟ್ಟಿಗೆ, ಕಡು ನೀಲಿ ಬಣ್ಣ. ಮೇಲೆ ಒಂದು ಬಾಯಿ. ಹಿಡಿಕೆ ಎಳೆದರೆ ತಗಡಿನ ತಟ್ಟೆ ಹೊರಗೆ ಬರುತ್ತದೆ, ಅದರ ಮೇಲೆ ಬಟ್ಟೆ ಇಟ್ಟು ಕೈ ಬಿಟ್ಟರೆ ಒಳಗೆ ಮಗುಚುತ್ತದೆ. ಒಳಗಿನದನ್ನು ಯಾರೂ ಕೈ ಹಾಕಿ ತೆಗೆಯಬಾರದು ಅಂತ ಹೀಗೆ ಮಾಡಿದ್ದಾರೆ. ಮುಂದೆ ನಗುವ ಮಗುವಿನ ದೊಡ್ಡ ಚಿತ್ರ, ಒಂದು ಕೆಂಪು ಹೃದಯ, ಇಂಗ್ಲಿಷಿನಲ್ಲಿ ಎರಡು ಸಾಲು, ಅದರ ಕೆಳಗೆ ಕನ್ನಡದಲ್ಲಿ ಹಳೆ ಬಟ್ಟೆ ಬಡವರಿಗೆ ಉಚಿತವಾಗಿ ತಲುಪುತ್ತದೆ ಅಂತ ಒಂದು ಸಾಲು. ಸಂಸ್ಥೆಯ ಹೆಸರಿನ ಕಡೆ ಬರೀ ಫೌಂಡೇಶನ್ ಅಂತ ಓದಲು ಬರುತ್ತಿತ್ತು, ವಿಳಾಸ ಇರಲಿಲ್ಲ. ಒಂದು ಮೊಬೈಲ್ ನಂಬರ್ ಇತ್ತು, ಅದರ ಕೊನೆಯ ಎರಡು ಅಂಕಿ ಬಿಸಿಲಿಗೆ ಸುಲಿದುಹೋಗಿದ್ದವು. ನಮ್ಮ ಮೇ ತಿಂಗಳ ಬಿಸಿಲು ನಿಮಗೂ ಗೊತ್ತಲ್ಲ, 43 ಡಿಗ್ರಿಯಲ್ಲಿ ಸ್ಟಿಕ್ಕರ್ ಇರಲಿ, ಮನುಷ್ಯರೇ ಸುಲಿಯುತ್ತಾರೆ. ಎರಡು ಅಂಕಿ ಇಲ್ಲದಿದ್ದರೆ ನೂರು ನಂಬರ್ ಆಗುತ್ತವೆ ಅಂತ ನನ್ನ ಮಗಳು ಲೆಕ್ಕ ಹೇಳಿದಳು. ನೂರು ಮನೆಗೆ ಫೋನ್ ಮಾಡಿ "ಪೆಟ್ಟಿಗೆ ನಿಮ್ಮದೇನ್ರಿ" ಅಂತ ಕೇಳುವಷ್ಟು ಪುರುಸೊತ್ತು ನನಗಿಲ್ಲ.

ಮೊದಲ ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ನಾನೂ ಹಾಕಿದೆ. ಗಿರಾಕಿಗಳು ತೆಗೆದುಕೊಂಡು ಹೋಗದೆ ವರ್ಷಗಟ್ಟಲೆ ಬಿದ್ದಿದ್ದ ಬ್ಲೌಸುಗಳನ್ನು ಒಗೆದು ಹಾಕಿದೆ. ದಸರಾ, ದೀಪಾವಳಿ ಮುಂದೆ ಜನ ಮನೆ ಸಾರಿಸಿ ಸ್ವಚ್ಛ ಮಾಡುವಾಗ ಪೆಟ್ಟಿಗೆ ಒಂದೇ ದಿನದಲ್ಲಿ ತುಂಬಿತು. ತುಂಬಿದ ಮೇಲೆ ಯಾರೂ ಬರಲಿಲ್ಲ. ಜನ ವಾಪಸ್ ಒಯ್ಯುತ್ತಾರಾ? ಪಕ್ಕದಲ್ಲಿಟ್ಟು ಹೋದರು. ಅದರ ಪಕ್ಕ ಇನ್ನೊಬ್ಬರು. ಹಾಸಿಗೆ ಇಟ್ಟರು, ತಲೆದಿಂಬು ಇಟ್ಟರು, ಒಬ್ಬರು ಕಾಲು ಮುರಿದ ಕುರ್ಚಿ ಇಟ್ಟರು. ಅದನ್ನು ಯಾವ ಬಡವರ ಮುಖದ ನಗುವಿಗೆ ಇಟ್ಟರೋ ಅವರಿಗೇ ಗೊತ್ತು. ನಾಯಿಗಳು ಗಂಟು ಬಿಚ್ಚಿದವು. ರಾತ್ರಿ ಒಂದು ಅಡ್ಡ ಮಳೆ ಬಂತು. ಹಸಿ ಬಟ್ಟೆ ಎರಡು ದಿನ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಎಂಥದ್ದು ಅಂತ ಹೊಲಿಗೆಯವರನ್ನು ಕೇಳಿ. ಮೂರನೇ ದಿನ ಪೆಟ್ಟಿಗೆ ಮುಂದೆ ಇದ್ದದ್ದು ದಾನ ಅಲ್ಲ, ಕಸ.

ಆ ಕಸ ಎತ್ತಿದವಳು ಬೆಳಿಗ್ಗೆ ಆರಕ್ಕೆ ಬರುವ ಪೌರಕಾರ್ಮಿಕ ಹೆಣ್ಣುಮಗಳು. ನೀರು ಕುಡಿದ ಹತ್ತಿ ಹಾಸಿಗೆಯನ್ನು ಇಬ್ಬರು ಸೇರಿ ಎಳೆದು ಗಾಡಿಗೆ ಹಾಕಿದರು. ಚಹಾ ಕೊಟ್ಟೆ. "ಇದು ನಮ್ ಕೆಲಸ ಹೌದೋ ಅಲ್ಲೋ ಯಾರ್ ಹೇಳ್ಬೇಕ್ರಿ ಅಕ್ಕಾ" ಅಂತ ಕೇಳಿದಳು. ನಾನೇನು ಹೇಳಲಿ? ಆಯುಕ್ತರೇ, ಈ ಪತ್ರದಲ್ಲಿ ಬೇರೆ ಯಾವುದಕ್ಕೆ ಉತ್ತರ ಕೊಡದಿದ್ದರೂ ಅವಳ ಪ್ರಶ್ನೆಗೆ ಕೊಡಿ. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ಯಾರಿಗೋ ಹೋಯಿತು, ಹೊರಗೆ ಉಳಿದ ಹೊಲಸು ಪಾಲಿಕೆಯ ಲೆಕ್ಕಕ್ಕೆ ಬಂತು. ಇದು ಯಾವ ನ್ಯಾಯ?

ಇನ್ನೊಂದು ದಿನದ ಮಾತು, ಇದನ್ನು ಬರೆಯುವಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಮಧ್ಯಾಹ್ನ ಎರಡೂವರೆ, ರಸ್ತೆ ಖಾಲಿ. ಮಷಿನ್ ನಿಲ್ಲಿಸಿದಾಗ ತಗಡು ಬಡಿಯುವ ಶಬ್ದ ಕೇಳಿಸಿತು. ತಲೆ ಎತ್ತಿ ನೋಡಿದರೆ ಪೆಟ್ಟಿಗೆಯ ಬಾಯಿಯಿಂದ ಎರಡು ಕಾಲು ಹೊರಗೆ ನೇತಾಡುತ್ತಿದ್ದವು. ಒಂಬತ್ತು ಹತ್ತು ವರ್ಷದ ಹುಡುಗ. ಕೆಳಗೆ ಅವನ ತಮ್ಮ ನಿಂತು ಕಾಲು ಹಿಡಿದುಕೊಂಡಿದ್ದ, ಅಣ್ಣ ಒಳಗಿನಿಂದ ಅಂಗಿ ಎತ್ತಿ ಕೊಡಬೇಕು ಅಂತ ಅವರ ಲೆಕ್ಕ. ಆ ತಟ್ಟೆ ಇದೆಯಲ್ಲ, ಒಳಗೆ ಹೋಗುವಾಗ ಸಲೀಸಾಗಿ ಮಗುಚುತ್ತದೆ, ವಾಪಸ್ ಬರುವಾಗ ಎದೆಗೆ ಅಡ್ಡ ನಿಲ್ಲುತ್ತದೆ. ಹುಡುಗನಿಗೆ ಹಿಂದೆ ಬರಲು ಆಗುತ್ತಿಲ್ಲ, ಮುಂದೆ ಹೋದರೆ ತಲೆ ಕೆಳಗಾಗಿ ಬೀಳುತ್ತಾನೆ. ಪಕ್ಕದ ಝೆರಾಕ್ಸ್ ಅಂಗಡಿಯ ಅಣ್ಣ ಓಡಿ ಬಂದು ಹಿಡಿಕೆ ಎಳೆದು ಹಿಡಿದ, ನಾನು ಸೊಂಟ ಹಿಡಿದು ಎಳೆದೆ. ಹೊಟ್ಟೆಯ ಮೇಲೆ ಉದ್ದಕ್ಕೆ ತರಚಿತ್ತು, ಅಷ್ಟೇ. ಕೈಯಲ್ಲಿ ಒಂದು ಜೀನ್ಸ್ ಪ್ಯಾಂಟು ಮಾತ್ರ ಬಿಟ್ಟಿರಲಿಲ್ಲ.

ನಾನು ಹೆದರಿದ್ದು ಸುಮ್ನೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಮಗಳು ನೆಟ್‌ನಲ್ಲಿ ಹುಡುಕಿ ತೋರಿಸಿದಳು. ಕೆನಡಾದಲ್ಲಿ ಇಂಥ ಪೆಟ್ಟಿಗೆಯ ಬಾಯಲ್ಲಿ ಸಿಕ್ಕಿಕೊಂಡು ಜನ ಸತ್ತಿದ್ದಾರೆ. 2018ರ ಡಿಸೆಂಬರ್ ಕೊನೆಯಲ್ಲಿ ವೆಸ್ಟ್ ವ್ಯಾಂಕೂವರಿನಲ್ಲಿ ಒಬ್ಬ ಗಂಡಸು, ಕೆಲವೇ ದಿನ ಬಿಟ್ಟು 2019ರ ಜನವರಿಯಲ್ಲಿ ಟೊರಾಂಟೊದಲ್ಲಿ ಒಬ್ಬ ಹೆಂಗಸು. ಕೊರೆಯುವ ಚಳಿಯ ದೇಶ, ಮನೆ ಇಲ್ಲದವರು ಬಟ್ಟೆಗಾಗಿ ಒಳಗೆ ಕೈ ಹಾಕುತ್ತಾರೆ. ಅದಾದ ಮೇಲೆ ಅಲ್ಲಿ ಎಷ್ಟೋ ಕಡೆ ಪೆಟ್ಟಿಗೆಗಳ ಬಾಯಿ ಮುಚ್ಚಿಸಿದರು, ಎಷ್ಟೋ ಪೆಟ್ಟಿಗೆಗಳನ್ನು ತೆಗೆಸಿದರು, ಬಾಯಿಯ ರಚನೆಯನ್ನೇ ಬದಲಿಸಲು ಹೊರಟರು. ಅಲ್ಲಿ ಜೀವ ಹೋದ ಮೇಲೆ ಮಾಡಿದ್ದನ್ನು ನಾವು ಮುಂಚೆಯೇ ಮಾಡಬಹುದು ಅಲ್ವಾ? ಇಲ್ಲಿ ಒಂದು ಹುಡುಗನ ಹೊಟ್ಟೆ ತರಚಿದೆ, ಅದೇ ಸಾಕು ಅಂದುಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ ಪೆಟ್ಟಿಗೆಗಳನ್ನು ಕಿತ್ತು ಹಾಕಿಸಿ ಅಂತ ನಾನು ಕೇಳುತ್ತೇನೆ ಅಂದುಕೊಂಡಿರಬಹುದು. ಇಲ್ಲ. ಕಿತ್ತು ಹಾಕುವುದು ಸುಲಭ, ಜೆಸಿಬಿ ಬಂದರೆ ಅರ್ಧ ಗಂಟೆಯ ಕೆಲಸ. ಆದರೆ ಬಟ್ಟೆ ಕೊಡುವ ಮನಸ್ಸು ಜನರಿಗೆ ಇದೆ, ಬಟ್ಟೆ ಬೇಕಾದವರೂ ಇದ್ದಾರೆ, ನಡುವೆ ಒಂದು ಪೆಟ್ಟಿಗೆ ಇದ್ದರೆ ಒಳ್ಳೆಯದೇ. ಕೈ ಚಾಚಿ ಕೇಳಲು ನಾಚಿಕೆ ಪಡುವವರಿರುತ್ತಾರೆ, ಕೈ ಚಾಚಿ ಕೊಡಲು ಸಂಕೋಚ ಪಡುವವರೂ ಇರುತ್ತಾರೆ. ಪೆಟ್ಟಿಗೆ ಇಬ್ಬರ ಮಾನವನ್ನೂ ಉಳಿಸುತ್ತದೆ.

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಸೇಂಟ್ ಜಾನ್ಸ್ ಅಂತ ಒಂದು ಚಿಕ್ಕ ಊರಿದೆಯಂತೆ. ಅಲ್ಲಿನ ಪೌರಸಭೆ ದಾನದ ಪೆಟ್ಟಿಗೆಗಳಿಂದ ಕಸ ಆಗುತ್ತದೆ ಅಂತ ಎಲ್ಲವನ್ನೂ ನಿಷೇಧಿಸಿತು. ಪೆಟ್ಟಿಗೆ ಇಟ್ಟಿದ್ದ ಸಂಸ್ಥೆ ಕೋರ್ಟಿಗೆ ಹೋಯಿತು. 2015ರಲ್ಲಿ ಮೇಲ್ಮನವಿ ಕೋರ್ಟು ಆ ಸಂಸ್ಥೆಯ ಪರವಾಗಿ ನಿಂತಿತು. ಪೆಟ್ಟಿಗೆ ಮಾತಾಡದಿದ್ದರೂ ದಾನ ಕೇಳುತ್ತದೆ, ದಾನ ಕೇಳುವುದೂ ಒಂದು ಮಾತೇ, ಆ ಮಾತಿಗೆ ಅವರ ಸಂವಿಧಾನದ ರಕ್ಷಣೆ ಇದೆ, ಕಸದ ಚಿಂತೆ ಇದ್ದರೆ ಕಸಕ್ಕೆ ನಿಯಮ ಮಾಡಿ ಅನ್ನುವ ಅರ್ಥದಲ್ಲಿ. ಅದೇ ದೇಶದ ಓಕ್‌ಲ್ಯಾಂಡ್ ನಗರ ನಿಷೇಧ ಮಾಡದೆ ಪೆಟ್ಟಿಗೆಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಅದರ ಮೇಲೂ ಕೇಸ್ ಆಯಿತು, 2017ರಲ್ಲಿ ಮೇಲ್ಮನವಿ ಕೋರ್ಟು ನಗರದ ನಿಯಮಕ್ಕೆ ತಡೆ ಕೊಡಲು ಒಪ್ಪಲಿಲ್ಲ. ಅವರ ಕಾನೂನು ಬೇರೆ, ನಮ್ಮದು ಬೇರೆ, ಅದು ನನಗೂ ಗೊತ್ತು. ಅಲ್ಲಿ ಪೆಟ್ಟಿಗೆಗಳು ಹೆಚ್ಚಾಗಿ ಅಂಗಡಿ, ಪೆಟ್ರೋಲ್ ಬಂಕಿನ ಖಾಸಗಿ ಜಾಗದಲ್ಲಿ ಇರುತ್ತವೆ, ನಮ್ಮದು ನೇರ ಫುಟ್‌ಪಾತ್ ಮೇಲೆ. ಆದರೆ ಬುದ್ಧಿ ಎಲ್ಲಿಂದ ಬಂದರೂ ತಗೋಬಹುದಲ್ಲ.

ನನಗೆ ಅದರಲ್ಲಿ ಹಿಡಿಸಿದ್ದು ಕ್ಯಾಲಿಫೋರ್ನಿಯಾದ ಕಾಯ್ದೆ. ಓಕ್‌ಲ್ಯಾಂಡ್ ಇರುವುದೂ ಅದೇ ರಾಜ್ಯದಲ್ಲಿ. ಪೆಟ್ಟಿಗೆಯ ಮುಂಭಾಗದಲ್ಲಿ ಯಜಮಾನನ ಹೆಸರು, ವಿಳಾಸ, ಫೋನ್ ನಂಬರ್ ಇರಲೇಬೇಕು. ಜೊತೆಗೆ ಈ ಪೆಟ್ಟಿಗೆ ನಡೆಸುವವರು ಲಾಭಕ್ಕೆ ನಡೆಸುತ್ತಾರೋ, ಲಾಭವಿಲ್ಲದೆ ನಡೆಸುತ್ತಾರೋ ಅನ್ನುವುದನ್ನು ಕನಿಷ್ಠ ಎರಡು ಇಂಚಿನ ಅಕ್ಷರದಲ್ಲಿ ಬರೆಯಬೇಕು. ಎರಡು ಇಂಚು! ಇಂಚಿನ ಲೆಕ್ಕದಲ್ಲಿ ಕಾಯ್ದೆ ಬರೆದವನು ಯಾರೋ ನಮ್ಮವನೇ ಇರಬೇಕು ಅನಿಸಿತು.

ಮಾರಿದರೆ ತಪ್ಪೇನು ಅಂತ ಕೇಳುವವರಿಗೆ ಒಂದು ಮಾತು. ತಪ್ಪಿಲ್ಲ. ಹಳೆ ಬಟ್ಟೆಯ ವ್ಯಾಪಾರ ನಮ್ಮಲ್ಲಿ ಮೊದಲಿನಿಂದಲೂ ಇದೆ. ತಲೆ ಮೇಲೆ ಬುಟ್ಟಿ ಹೊತ್ತು ಸ್ಟೀಲ್ ಭಾಂಡೆ ಕೂಗಿಕೊಂಡು ಬರುವ ಹೆಂಗಸು ನಮ್ಮ ಓಣಿಗೂ ಬರುತ್ತಾಳೆ. ಹತ್ತು ಸೀರೆ ಕೊಟ್ಟರೆ ಒಂದು ಡಬ್ಬಿ, ನಾಲ್ಕು ಪ್ಯಾಂಟು ಕೊಟ್ಟರೆ ಒಂದು ತಟ್ಟೆ. ಅವಳು ಪ್ಯಾಂಟನ್ನು ಬಿಸಿಲಿಗೆ ಹಿಡಿದು ತೊಡೆಯ ಹತ್ತಿರ ಸವೆದಿದೆಯಾ ಅಂತ ನೋಡುತ್ತಾಳೆ, ಝಿಪ್ ಎಳೆದು ನೋಡುತ್ತಾಳೆ, ಆಮೇಲೆ "ಇನ್ನೆರಡು ಅರಿಬಿ ಹಾಕ್ರಿ ಅಕ್ಕಾ" ಅಂತ ಜಗಳಕ್ಕೆ ಕೂರುತ್ತಾಳೆ. ಅವಳು ಯಾವತ್ತೂ ಬಡವರಿಗೆ ಉಚಿತ ಅಂದಿಲ್ಲ. ತಾನು ಮಾರುತ್ತೇನೆ, ಹೊಟ್ಟೆಪಾಡು ಅನ್ನುತ್ತಾಳೆ. ಪೆಟ್ಟಿಗೆ ಬಂದ ಮೇಲೆ ಅವಳಿಗೆ ಬಟ್ಟೆ ಸಿಗುವುದು ಕಡಿಮೆಯಾಗಿದೆ. ಸುಳ್ಳು ಹೇಳದೆ ವ್ಯಾಪಾರ ಮಾಡುವವಳ ಹೊಟ್ಟೆಯ ಮೇಲೆ ಹೊಡೆದು, ಅದೇ ಬಟ್ಟೆಯನ್ನು ದಾನ ಅಂತ ಪುಕ್ಕಟೆ ತಗೊಂಡು, ಗಂಟು ಕಟ್ಟಿ ಮಾರುವುದಕ್ಕೆ ನನ್ನ ತಕರಾರು. ಮಾರಿ, ಆದರೆ ಮಾರುತ್ತೇವೆ ಅಂತ ಬರೆಯಿರಿ. ಮಾರಿದ ಹಣದಲ್ಲಿ ಮಕ್ಕಳ ಫೀಸು ಕಟ್ಟುತ್ತೇವೆ ಅಂತಲೂ ಬರೆಯಿರಿ, ನಾನೇ ಇನ್ನೂ ನಾಲ್ಕು ಸೀರೆ ಹಾಕುತ್ತೇನೆ.

ಉಡಲು ಬಾರದ ಬಟ್ಟೆಗೂ ದಾರಿ ಇದೆ. ಒರೆಸಲು ಗ್ಯಾರೇಜಿಗೆ ಹೋಗುತ್ತದೆ. ಉಣ್ಣೆ, ಸ್ವೆಟರ್ ಹರಿಯಾಣದ ಪಾಣಿಪತ್‌ಗೆ ಹೋದರೆ ಅಲ್ಲಿ ಅದನ್ನು ಬಿಡಿಸಿ, ಹಿಂಜಿ, ಮತ್ತೆ ನೂಲು ಮಾಡಿ ಕಂಬಳಿ ನೇಯುತ್ತಾರೆ. ಅಮೆರಿಕ, ಯುರೋಪಿನ ಜನ ಬಿಟ್ಟ ಬಟ್ಟೆ ಕೂಡ ಹಡಗಿನಲ್ಲಿ ಗುಜರಾತಿನ ಕಾಂಡ್ಲಾಕ್ಕೆ ಬಂದು, ಅಲ್ಲಿ ವಿಂಗಡಣೆಯಾಗಿ, ಪಾಣಿಪತ್ ಸೇರುವುದುಂಟು. ಪ್ರವಾಹ, ಭೂಕಂಪ ಆದಾಗ ಹಂಚುವ ಅಗ್ಗದ ಬೂದು ಕಂಬಳಿಗಳಲ್ಲಿ ಎಷ್ಟೋ ಅಲ್ಲಿಯವೇ. ಇನ್ನು ಹತ್ತಿ ಸೀರೆಗೆ ನಮ್ಮಲ್ಲಿ ಯಾರೂ ದಾರಿ ತೋರಿಸಬೇಕಿಲ್ಲ. ನಮ್ಮ ಅವ್ವ ಹರಿದ ಸೀರೆ, ಅಪ್ಪನ ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ದಪ್ಪ ದಾರದಲ್ಲಿ ಸಾಲು ಸಾಲಾಗಿ ಹೊಲಿದು ಕೌದಿ ಮಾಡುತ್ತಿದ್ದಳು. ಒಂದು ಕೌದಿಗೆ ಆರೇಳು ಸೀರೆ ಹಿಡಿಯುತ್ತಿತ್ತು. ಯಾವ ತುಂಡು ಯಾರ ಮದುವೆಯದ್ದು ಅಂತ ಬೆರಳಿಟ್ಟು ಹೇಳುತ್ತಿದ್ದಳು.

ಬಟ್ಟೆ ದಾನ ಹೇಗಿರಬೇಕು, ಹೇಗಿರಬಾರದು ಅಂತ ನಾನು ಕಲಿತದ್ದು 2020ರ ಅಕ್ಟೋಬರಿನಲ್ಲಿ. ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿತ್ತು. ಒಂದು ಕಾಳಜಿ ಕೇಂದ್ರಕ್ಕೆ ನಾವು ಆರು ಹೆಂಗಸರು ಬಟ್ಟೆ ವಿಂಗಡಿಸಲು ಹೋಗಿದ್ದೆವು. ಲಾರಿಯಲ್ಲಿ ಬಂದ ಗಂಟು ಬಿಚ್ಚಿದರೆ ಏನಿತ್ತು ಗೊತ್ತಾ? ಕೋಟು. ಟೈ. ಯಾರದ್ದೋ ಮಗುವಿನ ಫ್ಯಾನ್ಸಿ ಡ್ರೆಸ್ ಸ್ಪರ್ಧೆಯ ಹುಲಿ ವೇಷ. ಒಂದೇ ಕಾಲಿನ ಚಪ್ಪಲಿ. ಅಲ್ಲಿದ್ದ ಹೆಂಗಸರಿಗೆ ಬೇಕಿದ್ದದ್ದು ಲಂಗ, ಒಣಗಿದ ಒಳಉಡುಪು, ತಿಂಗಳ ಬಟ್ಟೆ, ಮಕ್ಕಳಿಗೆ ಚಡ್ಡಿ. ಅದು ಒಂದು ಗಂಟಿನಲ್ಲೂ ಇರಲಿಲ್ಲ. ಒಬ್ಬ ಆಯಿ ಹಸಿ ಸೀರೆಯಲ್ಲೇ ಗೋಡೆಗೆ ಒರಗಿ ಕೂತಿದ್ದರು. ಒಂದು ಒಳ್ಳೆಯ ಸೀರೆ ಸಿಕ್ಕಿತು, ಕೊಟ್ಟೆ. ಬಿಚ್ಚಿ ನೋಡಿ, ಮಡಚಿ, ವಾಪಸ್ ಕೊಟ್ಟರು. "ಲಂಗ ಇಲ್ದೇ ಹ್ಯಾಂಗ್ ಉಡ್ಲಿ ಯವ್ವಾ." ಅವತ್ತು ರಾತ್ರಿ ಊರಿಗೆ ಬಂದು ಅಂಗಡಿಯಲ್ಲಿದ್ದ ಲಂಗದ ಬಟ್ಟೆ ಅಷ್ಟೂ ಕತ್ತರಿಸಿ ಹೊಲಿದೆ.

ಹಾಗಾಗಿ ಓಣಿಯವರಿಗೂ ಒಂದು ಮಾತು ಹೇಳಬೇಕು, ಬೈಕೊಂಡರೂ ಪರವಾಗಿಲ್ಲ. ನೀವು ಉಡಲು ನಾಚಿಕೊಳ್ಳುವುದನ್ನು ಬೇರೆಯವರಿಗೆ ಉಡಿಸಬೇಡಿ. ಒಗೆಯದೆ ಹಾಕಬೇಡಿ. ಗುಂಡಿ ಹೋಗಿದ್ದರೆ ಹಚ್ಚಿ ಹಾಕಿ, ಬರದಿದ್ದರೆ ನನ್ನ ಅಂಗಡಿಗೆ ತನ್ನಿ, ದಾನದ ಬಟ್ಟೆಗೆ ಗುಂಡಿ ಹಚ್ಚಲು ನಾನು ದುಡ್ಡು ತಗೊಳ್ಳುವುದಿಲ್ಲ. ಮತ್ತೆ ದಯವಿಟ್ಟು ಕಾಲು ಮುರಿದ ಕುರ್ಚಿ ಬೇಡ.

ಈಗ ಆಯುಕ್ತರಿಗೆ. ನನ್ನ ಹತ್ತು ಅಡಿ ಅಂಗಡಿಗೆ ಟ್ರೇಡ್ ಲೈಸೆನ್ಸ್ ಇದೆ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಬಂಡಿಯ ಮೇಲೆ ಬಾಳೆಹಣ್ಣು ಮಾರುವವರಿಗೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪ್ರಮಾಣಪತ್ರ, ಗುರುತಿನ ಚೀಟಿ ಇದೆ. ರಸ್ತೆಯಲ್ಲಿ ಬ್ಯಾನರ್ ಕಟ್ಟಲು ನಿಮ್ಮ ಅನುಮತಿ ಬೇಕು. ಮುಜರಾಯಿ ಗುಡಿಯ ಹುಂಡಿ ಒಡೆಯುವಾಗ ಅಧಿಕಾರಿಗಳು ಎದುರಿಗೇ ಕೂತಿರುತ್ತಾರೆ, ಎಣಿಸಿದ್ದು ಎಷ್ಟು ಅಂತ ಮರುದಿನ ಪೇಪರಿನಲ್ಲಿ ಬರುತ್ತದೆ. ದೇವರ ಹೆಸರಿನಲ್ಲಿ ಇಟ್ಟ ಪೆಟ್ಟಿಗೆಗೇ ಲೆಕ್ಕ ಇರುವಾಗ ಬಡವರ ಹೆಸರಿನಲ್ಲಿ ಇಟ್ಟ ಪೆಟ್ಟಿಗೆಗೆ ಯಾಕಿಲ್ಲ? ಹಣ ದಾನ ಕೊಟ್ಟರೆ ಜನ 80ಜಿ ರಸೀದಿ ಕೇಳುತ್ತಿದ್ದರು, ತೆರಿಗೆ ಉಳಿಯುತ್ತದೆ ಅಂತ. ವಸ್ತುವಾಗಿ ಕೊಟ್ಟ ದಾನಕ್ಕೆ ಆ ವಿನಾಯಿತಿ ಇಲ್ಲ. ರಸೀದಿ ಇಲ್ಲದ ಕಡೆ ಲೆಕ್ಕ ಕೇಳುವವರೂ ಇಲ್ಲ. ಪೆಟ್ಟಿಗೆಯವರಿಗೆ ಇದು ಚೆನ್ನಾಗಿ ಗೊತ್ತು.

ಹೊಸ ಕಾಯ್ದೆ ಬರಲಿ ಅಂತ ಬೆಂಗಳೂರಿನ ಕಡೆ ಮುಖ ಮಾಡಿ ಕೂರಬೇಕಾಗಿಲ್ಲ. ರಸ್ತೆಗೆ ಅಡ್ಡ ಇಟ್ಟದ್ದನ್ನು ತೆಗೆಸುವ ಅಧಿಕಾರ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲೇ ಇದೆ, ಬೈಲಾ ಮಾಡುವ ಅಧಿಕಾರವೂ ಇದೆ. ಬೈಲಾ ಮಾಡುವಾಗ ಒಂದು ಪುಟ ಸಾಕು. ಮೊದಲನೆಯದಾಗಿ ಹೆಸರು, ಕಚೇರಿಯ ವಿಳಾಸ, ನೋಂದಣಿ ಸಂಖ್ಯೆ, ಎತ್ತಿದರೆ ಮನುಷ್ಯರು ಮಾತಾಡುವ ಫೋನ್ ನಂಬರ್. ಸ್ಟಿಕ್ಕರ್ ಬೇಡ, ಪೇಂಟಿನಲ್ಲಿ ಬರೆಸಲಿ. ಕನ್ನಡ ಮೇಲೆ ಇರಲಿ, ಕೆಳಗೆ ಉರ್ದು ಇದ್ದರೆ ನಮ್ಮ ಊರಿಗೆ ಒಳ್ಳೆಯದು, ದರ್ಗಾದ ಕಡೆಯ ಎಷ್ಟೋ ಹೆಣ್ಣುಮಕ್ಕಳು ಅದನ್ನೇ ಓದುತ್ತಾರೆ. ಬಟ್ಟೆ ಉಚಿತವಾಗಿ ಹಂಚುತ್ತಾರೋ, ಮಾರುತ್ತಾರೋ, ಮಾರಿದರೆ ಹಣ ಎಲ್ಲಿಗೆ ಹೋಗುತ್ತದೆ, ಅದು ಎರಡು ಇಂಚಿನಲ್ಲಿ ಇರಲಿ. ವಾರದಲ್ಲಿ ಯಾವ ದಿನ ಖಾಲಿ ಮಾಡುತ್ತಾರೆ ಅಂತಲೂ ಇರಲಿ. ಸೋಮವಾರ ಅಂದರೆ ಸೋಮವಾರ, ನಾವು ನೋಡಿಕೊಳ್ಳುತ್ತೇವೆ, ಅಂಗಡಿಯವರಿಗಿಂತ ದೊಡ್ಡ ಸಿಸಿಟಿವಿ ಇಲ್ಲ.

ಫುಟ್‌ಪಾತ್ ಮೇಲೆ ಬೇಡ. ಫುಟ್‌ಪಾತ್ ಇರುವುದೇ ಗೇಣಗಲ, ಅದರ ಮೇಲೆ ಟ್ರಾನ್ಸ್‌ಫಾರ್ಮರ್, ಕಂಬ, ಬೈಕು, ನಮ್ಮ ಅಂಗಡಿಗಳ ಬೋರ್ಡು (ಹೌದು, ನನ್ನದೂ ಇದೆ, ಒಳಗೆ ತಗೋತೀನಿ). ಗುಡಿ, ಮಸೀದಿ, ಚರ್ಚು, ಕಾಲೇಜು, ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ, ಜಾಗದವರ ಒಪ್ಪಿಗೆ ಪತ್ರದ ಜೊತೆ ಇರಲಿ. ಅಲ್ಲಿ ಕಾಯುವವರಿರುತ್ತಾರೆ, ನೆರಳಿರುತ್ತದೆ, ಮಕ್ಕಳು ತಲೆ ತೂರಿಸಿದರೆ ಕೂಗುವವರಿರುತ್ತಾರೆ. ಬಾಯಿ ಮಗು ಹೋಗದಷ್ಟು ಚಿಕ್ಕದಿರಲಿ, ಒಂದು ಮಡಚಿದ ಸೀರೆಗೆ ಎಂಟು ಇಂಚು ಎತ್ತರ ಧಾರಾಳವಾಯಿತು. ಸುತ್ತ ಕಸ ಬಿದ್ದರೆ ಅದನ್ನು ಎತ್ತುವ ಖರ್ಚು ಪೆಟ್ಟಿಗೆಯವರದ್ದು, ಪೌರಕಾರ್ಮಿಕರದ್ದಲ್ಲ. ವರ್ಷಕ್ಕೊಮ್ಮೆ ಎಷ್ಟು ಕಿಲೋ ಬಂತು, ಎಲ್ಲಿಗೆ ಹೋಯಿತು ಅಂತ ಒಂದು ಹಾಳೆ ಪಾಲಿಕೆಗೆ ಕೊಡಲಿ, ನೀವು ಅದನ್ನು ವಾರ್ಡ್ ಕಚೇರಿಯ ಬೋರ್ಡಿಗೆ ಅಂಟಿಸಿ.

ಶುಲ್ಕ ಮಾತ್ರ ಜಾಸ್ತಿ ಇಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಶುಲ್ಕ ಹತ್ತು ಸಾವಿರ ಆದರೆ ಗಂಟು ಮಾರುವವರು ಕಟ್ಟುತ್ತಾರೆ, ಅವರಿಗೆ ಅದು ಬಂಡವಾಳ. ಚಳಿಗಾಲದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಹೊದಿಕೆ ಕೊಡುವ ಕಾಲೇಜು ಹುಡುಗರು, ಓಣಿಯ 12 ಜನ ಹೆಂಗಸರ ಸ್ವಸಹಾಯ ಸಂಘ ಎಲ್ಲಿಂದ ಕಟ್ಟಬೇಕು? ನೂರು ರೂಪಾಯಿ ಇಡಿ. ನೋಂದಣಿ ಇಲ್ಲದ ಚಿಕ್ಕ ಗುಂಪಿಗೆ ಇಬ್ಬರ ಆಧಾರ್ ಪ್ರತಿ, ಒಂದು ಜವಾಬ್ದಾರಿ ಪತ್ರ ಸಾಕು. ನಿಯಮದ ಕೆಲಸ ದುಡ್ಡು ಮಾಡುವುದಲ್ಲ, ಗುರುತು ಹಿಡಿಯುವುದು.

ತೆಗೆಸುವಾಗಲೂ ಸ್ವಲ್ಪ ನೋಡಿ. ನೋಟಿಸ್ ಅಂಟಿಸಿ, ಹದಿನೈದು ದಿನ ಕೊಡಿ. ಆಮೇಲೂ ಯಾರೂ ಬರದಿದ್ದರೆ ಬೀಗ ಒಡೆಯುವಾಗ ಓಣಿಯ ಇಬ್ಬರನ್ನು ಕರೆಯಿರಿ, ಒಳಗಿನ ಬಟ್ಟೆಯನ್ನು ಪೆಟ್ಟಿಗೆ ಸಮೇತ ಕಸದ ಯಾರ್ಡಿಗೆ ಕಳಿಸಬೇಡಿ. ವಿಂಗಡಿಸಲು ನಾವು ಬರುತ್ತೇವೆ. 2023ರ ಮೇ ತಿಂಗಳಲ್ಲಿ ಸ್ವಚ್ಛ ಭಾರತದ ಅಭಿಯಾನದಲ್ಲಿ ದೇಶದ ನಗರಗಳಲ್ಲಿ ರೆಡ್ಯೂಸ್, ರೀಯೂಸ್, ರೀಸೈಕಲ್ ಅನ್ನುವ ಆರ್‌ಆರ್‌ಆರ್ ಕೇಂದ್ರಗಳು ಶುರುವಾದವಲ್ಲ, ಹಳೆ ಬಟ್ಟೆ, ಪುಸ್ತಕ, ಚಪ್ಪಲಿ, ಆಟಿಕೆ ತಗೊಂಡು ಬೇಕಾದವರಿಗೆ ಕೊಡುವುದಕ್ಕೆ. ಅಂಥ ಕೇಂದ್ರ ಪ್ರತಿ ವಲಯದಲ್ಲಿ ವರ್ಷಪೂರ್ತಿ ಬಾಗಿಲು ತೆರೆದಿದ್ದರೆ, ಅದರ ವಿಳಾಸ ಕಸದ ಗಾಡಿಯ ಮೈಕಿನಲ್ಲಿ ಹಾಡಿನ ನಡುವೆ ಒಂದು ಸಲ ಹೇಳಿದರೆ, ಅರ್ಧ ಪೆಟ್ಟಿಗೆಗಳ ಅಗತ್ಯವೇ ಇರುವುದಿಲ್ಲ.

ಪೆಟ್ಟಿಗೆ ಇಟ್ಟವರೇ, ನೀವು ಒಳ್ಳೆಯವರೇ ಇರಬಹುದು. ನಿಮ್ಮ ಡ್ರೈವರ್ ನಿಮಗೆ ಗೊತ್ತಿಲ್ಲದೆ ಗಂಟು ಮಾರಿರಬಹುದು, ಖಾಲಿ ಮಾಡುವ ಹುಡುಗ ಕೆಲಸ ಬಿಟ್ಟಿರಬಹುದು. ಅದನ್ನು ಕೇಳೋಣ ಅಂದರೆ ನಿಮ್ಮನ್ನು ಕರೆಯಲು ನಂಬರ್ ಇಲ್ಲ. ಇದನ್ನು ಓದಿದರೆ ಒಂದು ದಿನ ಬನ್ನಿ. ಹಸಿರು ಸೀರೆಯನ್ನು ನಾನೇ 60 ರೂಪಾಯಿ ಕೊಟ್ಟು ತಂದಿದ್ದೇನೆ, ಅಂಗಡಿಯ ಮೊಳೆಗೆ ನೇತುಹಾಕಿದ್ದೇನೆ, ಮರೂನ್ ದಾರ ತೋರಿಸುತ್ತೇನೆ.

ಆಮೇಲೆ ಬರೆಯಲು ಜಾಗ ಇಲ್ಲ ಅಂತ ಮಾತ್ರ ಹೇಳಬೇಡಿ. ನಿನ್ನೆ ಸಂಜೆ ಅಂಗಡಿ ಮುಚ್ಚುವ ಮುಂಚೆ ಹೋಗಿ ಟೇಪು ಹಿಡಿದು ಅಳೆದೆ. ಬಾಯಿಯ ಕೆಳಗೆ ಮುಂಭಾಗ 36 ಇಂಚು ಎತ್ತರ, 42 ಇಂಚು ಅಗಲ. ಎರಡು ಇಂಚಿನ ಅಕ್ಷರ, ಸಾಲಿನ ನಡುವೆ ಒಂದು ಇಂಚು ಬಿಟ್ಟರೂ 12 ಸಾಲು ಹಿಡಿಯುತ್ತದೆ. ಮಗುವಿನ ಚಿತ್ರ ಬೇಕೇ ಬೇಕು ಅಂದರೆ ಪಕ್ಕಕ್ಕೆ ಹಾಕಿ, ಅಲ್ಲೂ ಅಳೆದಿದ್ದೇನೆ, 28 ಇಂಚು ಇದೆ.

ಇಂತಿ,
ಪೆಟ್ಟಿಗೆ ಎದುರಿನ ಫಾಲ್-ಪಿಕೋ ಅಂಗಡಿಯವಳು
ಕಲಬುರಗಿ